ಹೆರಿಗೆ ಕೇಸು ರೆಫರ್ ಆದಾಗ: ಯಾವ ಆಸ್ಪತ್ರೆ, ಯಾವ ಗಾಡಿ, ಯಾವ ದಾರಿ?

ಹಳ್ಳಿಯ ಪಿಎಚ್‌ಸಿಯಿಂದ (ಪ್ರಾಥಮಿಕ ಆರೋಗ್ಯ ಕೇಂದ್ರ) ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆ, ಅಲ್ಲೂ ಆಗಲಿಲ್ಲ ಅಂದರೆ ಬಳ್ಳಾರಿ ಇಲ್ಲವೇ ಹುಬ್ಬಳ್ಳಿ. ಗರ್ಭಿಣಿಯನ್ನು ಹೀಗೆ ಮೆಟ್ಟಿಲು ಹತ್ತಿಸಿದಂತೆ ಒಂದೊಂದೇ ಆಸ್ಪತ್ರೆ ದಾಟಿಸುವುದು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮಾಮೂಲು. ಪ್ರತಿ ಕಡೆ ಇಳಿಸಬೇಕು, ಚೀಟಿ ಮಾಡಿಸಬೇಕು, ಡಾಕ್ಟರ್ ಬರುವವರೆಗೆ ಕಾಯಬೇಕು, ಅವರು ನೋಡಿ ‘ಇಲ್ಲಿ ಆಗಲ್ಲ, ಮುಂದಕ್ಕೆ ಕರ್ಕೊಂಡು ಹೋಗಿ’ ಅನ್ನಬೇಕು, ಆಮೇಲೆ ಮತ್ತೆ ಗಾಡಿ ಹುಡುಕಬೇಕು. ಎಷ್ಟೋ ಸಲ ರಸ್ತೆ ಮೇಲೆ ಹೋಗುವ ಹೊತ್ತಿಗಿಂತ ಈ ಇಳಿಸಿ ಹತ್ತಿಸುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ.

ನನ್ನ ಮಾತು ಇಷ್ಟೇ. ಈ ಹೆಣ್ಣುಮಗಳಿಗೆ ಈಗ ಬೇಕಾದದ್ದು ಎಲ್ಲಿ ಸಿಗುತ್ತದೆ ಅಂತ ಫೋನಿನಲ್ಲೇ ಕೇಳಿ ತಿಳಿದುಕೊಳ್ಳಿ, ಸೀದಾ ಅಲ್ಲಿಗೇ ಹೋಗಿ. ಕೆಳಗಿನದೆಲ್ಲ ಮನೆಯವರಿಗೆ ಮತ್ತು ಆಶಾ ಅಕ್ಕಂದಿರಿಗೆ ಬರೆದದ್ದು. ಡಾಕ್ಟರ್ ಎದುರಿಗಿದ್ದರೆ ಅವರ ಮಾತೇ ಮೊದಲು.

ತೊಂದರೆ ಏನು ಅಂತ ಮೊದಲು, ದೂರದ ಲೆಕ್ಕ ಆಮೇಲೆ

ಎಲ್ಲ ಕೇಸಿಗೂ ಒಂದೇ ಅವಸರ ಇರುವುದಿಲ್ಲ. ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೆ, ಚಿಕಿತ್ಸೆ ಸಿಗದಿದ್ದರೆ, ತಾಯಿಗೆ ಉಳಿದಿರುವುದು ಸರಾಸರಿ 2 ಗಂಟೆ. ಹೆರಿಗೆಗೆ ಮೊದಲೇ ರಕ್ತ ಹೋಗತೊಡಗಿದರೆ ಸುಮಾರು 12 ಗಂಟೆ. ಬಿಪಿ ಏರಿ ಗರ್ಭನಂಜಾಗಿ ಫಿಟ್ಸ್ ಬಂದರೆ 2 ದಿನ, ಮಗು ಸಿಕ್ಕಿಕೊಂಡು ಹೆರಿಗೆ ಮುಂದೆ ಹೋಗದಿದ್ದರೆ 3 ದಿನ. ಹೆರಿಗೆ ಡಾಕ್ಟರುಗಳು ದಶಕಗಳಿಂದ ಹೇಳಿಕೊಂಡು ಬಂದ ಲೆಕ್ಕ ಇದು. ಇದು ತಾಯಿಯ ಲೆಕ್ಕ ಮಾತ್ರ ಅನ್ನುವುದು ನೆನಪಿರಲಿ. ಹೊಟ್ಟೆಯಲ್ಲಿರುವ ಮಗು ಅಷ್ಟು ಹೊತ್ತು ತಡೆಯುವುದಿಲ್ಲ, ಹಾಗಾಗಿ ‘ಇನ್ನೂ ಎರಡು ದಿನ ಇದೆಯಲ್ಲ’ ಅಂತ ಯಾರೂ ಕೂರಬಾರದು.

ಈ ಲೆಕ್ಕ ಗೊತ್ತಿದ್ದರೆ ಹತ್ತಿರದ ಆಸ್ಪತ್ರೆಯೋ ದೂರದ್ದೋ ಅನ್ನುವ ಗೊಂದಲ ಅರ್ಧ ಕಮ್ಮಿಯಾಗುತ್ತದೆ.

ಹೆರಿಗೆಯ ನಂತರದ ರಕ್ತಸ್ರಾವಕ್ಕೆ, ಅಂದರೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹೋದಾಗ, ಹತ್ತಿರದ್ದೇ ಸರಿ. ಆಕ್ಸಿಟೋಸಿನ್ ಇಂಜೆಕ್ಷನ್, ಡ್ರಿಪ್, ಹೊಟ್ಟೆಯ ಮೇಲಿನಿಂದ ಗರ್ಭಕೋಶ ತಿಕ್ಕಿ ಬಿಗಿ ಮಾಡುವುದು, ಇವನ್ನು ಪಿಎಚ್‌ಸಿಯ ಸಿಸ್ಟರ್ ಕೂಡ ಮಾಡುತ್ತಾರೆ. ಆ ಮೂರು ಕೆಲಸ ಮಾಡದೆ ಸುಮ್ನೆ ಗಾಡಿ ಹತ್ತಿಸಿ 60 ಕಿಲೋಮೀಟರ್ ಓಡಿಸಿದರೆ ಆ ಗಾಡಿ ಎಷ್ಟೇ ಜೋರಾಗಿ ಹೋದರೂ ಪ್ರಯೋಜನ ಇಲ್ಲ. ಮನೆಯಲ್ಲೇ ಹೆರಿಗೆ ಆಗಿಹೋಗಿ ರಕ್ತ ನಿಲ್ಲುತ್ತಿಲ್ಲ, ಕಸ (ಮಾಸು) ಬಿದ್ದಿಲ್ಲ ಅಂದಾಗಲೂ ಇದೇ ಮಾತು. ಮೊದಲು ಹತ್ತಿರದಲ್ಲಿ ರಕ್ತಕ್ಕೆ ತಡೆ ಹಾಕಿಸಿ, ಅದೇ ಹೊತ್ತಿಗೆ ಮುಂದಿನ ಆಸ್ಪತ್ರೆಗೆ ಫೋನ್ ಹೋಗಲಿ.

ಬಿಪಿ ಕೇಸು ಬೇರೆ. 140/90 ದಾಟಿದರೆ ಡಾಕ್ಟರ್ ನೋಡಲೇಬೇಕು. 160/110 ಆಗಿ ತಲೆನೋವು, ಕಣ್ಣು ಮಂಜು, ಎದೆಯ ಕೆಳಗೆ ಹೊಟ್ಟೆ ನೋವು ಇದ್ದರೆ ಯಾವಾಗ ಬೇಕಾದರೂ ಫಿಟ್ಸ್ ಬರಬಹುದು. ಇದಕ್ಕೆ ದೊಡ್ಡಾಸ್ಪತ್ರೆಯೇ ಬೇಕು, ದೂರವಾದರೂ ಪರವಾಗಿಲ್ಲ. ಆದರೆ ಹೊರಡುವ ಮೊದಲು ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್‌ನ ಮೊದಲ ಡೋಸ್ ಆಗಿರಬೇಕು. ಎರಡೂ ಕುಂಡಿಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ, ಇದನ್ನು ಸಿಸ್ಟರ್ ಕೊಟ್ಟು ಕಳಿಸಬಹುದು ಅಂತ ಸರ್ಕಾರದ ನಿಯಮವೇ ಹೇಳುತ್ತದೆ. ‘ಇಂಜೆಕ್ಷನ್ ಅಲ್ಲಿ ಹಾಕ್ತಾರೆ’ ಅಂದರೆ ಒಪ್ಪಬೇಡಿ. ಸಿಂಧನೂರಿನಿಂದ ರಾಯಚೂರಿಗೆ ಸುಮಾರು 90 ಕಿಲೋಮೀಟರ್. ಮಾನ್ವಿ ದಾಟುವಾಗ ಗಾಡಿಯಲ್ಲೇ ಫಿಟ್ಸ್ ಬಂದರೆ ಯಾರು ಏನು ಮಾಡಲಾದೀತು?

ತಿಂಗಳು ತುಂಬುವ ಮೊದಲೇ, ಅಂದರೆ 34 ವಾರಕ್ಕೂ ಮುಂಚೆ ನೋವು ಬಂದರೆ ನೋಡಬೇಕಾದದ್ದು ಮಗುವಿನ ವಾರ್ಡು. ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಘಟಕ, ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಇರುತ್ತದೆ. ಮಗು ಹುಟ್ಟಿದ ಮೇಲೆ ಅಷ್ಟು ಚಿಕ್ಕ ಜೀವವನ್ನು ಒಯ್ಯುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಒಯ್ಯುವುದು ಎಷ್ಟೋ ಮೇಲು. ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಡೆಕ್ಸಾಮೆಥಾಸೋನ್ ಮೊದಲ ಡೋಸನ್ನು ಕೂಡ ಹೊರಡುವ ಮೊದಲೇ ಕೊಡಿಸಿಕೊಳ್ಳಿ.

ಇನ್ನೊಂದು ಸಂದರ್ಭದಲ್ಲಿ ಹೋಗದಿರುವುದೇ ಒಳ್ಳೆಯದು. ಗರ್ಭಕೋಶದ ಬಾಯಿ ಪೂರ್ತಿ ತೆರೆದಿದೆ, ಮಗುವಿನ ತಲೆ ಕಾಣುತ್ತಿದೆ, ಬೇರೆ ತೊಂದರೆ ಇಲ್ಲ, ಆದರೂ ಭಯಕ್ಕೆ ರೆಫರ್ ಮಾಡುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಆಗ ಅಲ್ಲೇ ಹೆರಿಗೆ ಆಗಲಿ ಅಂತ ಕೇಳಿ. ಅರ್ಧ ದಾರಿಯಲ್ಲಿ ಜಾಲಿ ಗಿಡದ ಪಕ್ಕ ಗಾಡಿ ನಿಲ್ಲಿಸಿ ಹೆರಿಗೆ ಮಾಡಿಸುವುದಕ್ಕಿಂತ ಪಿಎಚ್‌ಸಿಯ ಮಂಚ ಮೇಲು ಅಲ್ವಾ?

ಯಾವ ಆಸ್ಪತ್ರೆ?

ಪಿಎಚ್‌ಸಿ: ಮೊದಲ ಸಲ ಏನೂ ತೊಂದರೆ ಆಗದ, ಬಿಪಿ ಸರಿ ಇರುವ, ಹಿಮೋಗ್ಲೋಬಿನ್ ಸರಿ ಇರುವ ಹೆಣ್ಣುಮಗಳಿಗೆ ಇದು ಚೆನ್ನಾಗಿಯೇ ಇದೆ. 24 ಗಂಟೆ ಹೆರಿಗೆ ಮಾಡಿಸುವ ಪಿಎಚ್‌ಸಿ ಯಾವುದು ಅಂತ ಮೊದಲೇ ಗೊತ್ತಿರಬೇಕು, ಎಲ್ಲವೂ ಹಾಗಿರುವುದಿಲ್ಲ. ಹಿಂದೆ ಸಿಸೇರಿಯನ್ ಆಗಿದೆಯಾ? ಹಾಗಾದರೆ ಪಿಎಚ್‌ಸಿಯನ್ನು ಬಿಟ್ಟೇ ಬಿಡಿ. ಹಳೆಯ ಹೊಲಿಗೆ ಬಿಚ್ಚಿಕೊಂಡರೆ ಅಲ್ಲಿ ಏನೂ ಮಾಡಲಾಗದು.

ತಾಲ್ಲೂಕು ಆಸ್ಪತ್ರೆಯ ವಿಷಯದಲ್ಲೇ ಜನ ಜಾಸ್ತಿ ಮೋಸ ಹೋಗುವುದು. ಬೋರ್ಡು, ಕಟ್ಟಡ, ಆಪರೇಷನ್ ಥಿಯೇಟರ್ ಎಲ್ಲ ಇರುತ್ತದೆ. ಸಿಸೇರಿಯನ್‌ಗೆ ಹೆರಿಗೆ ಡಾಕ್ಟರ್ ಒಬ್ಬರೇ ಇದ್ದರೆ ಸಾಲದು. ಅರಿವಳಿಕೆ ಡಾಕ್ಟರ್ ಬೇಕು, ಮಕ್ಕಳ ಡಾಕ್ಟರ್ ಬೇಕು, ರಕ್ತ ಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಮುಂದಕ್ಕೆ ಕಳಿಸುತ್ತಾರೆ. ಹಗಲು ಇರುವ ಅರಿವಳಿಕೆ ಡಾಕ್ಟರ್ ರಾತ್ರಿ ಇರುತ್ತಾರೆ ಅಂತ ಏನಿಲ್ಲ, ಭಾನುವಾರವಂತೂ ಕೇಳಲೇಬೇಡಿ. ಅದಕ್ಕೇ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ‘ಸಿಸೇರಿಯನ್ ಮಾಡ್ತೀರಾ’ ಅಂತಲ್ಲ. ‘ಈಗ ಅನಸ್ತೇಷಿಯಾ ಡಾಕ್ಟರ್ ಇದ್ದಾರಾ, ಈ ಗುಂಪಿನ ರಕ್ತ ಇದೆಯಾ’ ಅಂತ ಕೇಳಿ. ಇಲ್ಲ ಅಂದರೆ ಆ ಊರಿನ ಬೈಪಾಸ್ ಹಿಡಿದು ಮುಂದೆ ಹೋಗಿ. ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ಆ ಉತ್ತರದಿಂದ ಒಂದು ತಾಸು ಉಳಿದಿದೆ.

ರಕ್ತದ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ರಕ್ತನಿಧಿ ಬೇರೆ, ರಕ್ತ ಶೇಖರಣಾ ಘಟಕ ಬೇರೆ. ಎರಡನೆಯದರಲ್ಲಿ ರಕ್ತ ತಂದು ಫ್ರಿಜ್ಜಿನಲ್ಲಿ ಇಟ್ಟಿರುತ್ತಾರೆ ಅಷ್ಟೆ, ಅಲ್ಲಿ ದಾನಿಯಿಂದ ತೆಗೆಯಲು ಆಗುವುದಿಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕಮ್ಮಿ ಇರುವ ಗರ್ಭಿಣಿಗೆ, ನಮ್ಮ ಕಡೆ ಇಂಥವರು ಕಮ್ಮಿ ಏನಿಲ್ಲ, ರಕ್ತನಿಧಿ ಇರುವ ಊರೇ ಬೇಕು. ಬೇರೆಯವರಿಗೆ ತಡೆದುಕೊಳ್ಳಲು ಆಗುವಷ್ಟು ರಕ್ತ ಹೋದರೂ ಇವರಿಗೆ ಜೀವಕ್ಕೆ ಬರುತ್ತದೆ.

ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಅಂದರೆ ಬಳ್ಳಾರಿಯಲ್ಲಿ ವಿಮ್ಸ್ (ಈಗ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ, ಜನ ಇನ್ನೂ ವಿಮ್ಸ್ ಅಂತಲೇ ಅನ್ನುವುದು), ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಈ ‘ಕಿಮ್ಸ್’ ಒಂದು ಗೊಂದಲ. ಹುಬ್ಬಳ್ಳಿಯದನ್ನೂ ನಮ್ಮ ಕಡೆ ಕಿಮ್ಸ್ ಅಂತಲೇ ಕರೆಯುವುದು. ಡಾಕ್ಟರ್ ‘ಕಿಮ್ಸ್‌ಗೆ ಒಯ್ಯಿರಿ’ ಅಂದರೆ ಯಾವ ಊರಿನದು ಅಂತ ಕೇಳಿ, ಚೀಟಿಯಲ್ಲಿ ಊರ ಹೆಸರು ಬರೆಸಿ. ಈ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಎಲ್ಲ ವಿಭಾಗವೂ ಇರುತ್ತದೆ, ರಾತ್ರಿಯೂ ಯಾರಾದರೂ ಡಾಕ್ಟರ್ ಇರುತ್ತಾರೆ. ತೊಂದರೆ ಅಂದರೆ ಗದ್ದಲ. ಸುತ್ತಲಿನ ತಾಲ್ಲೂಕುಗಳ ಎಲ್ಲ ಕಷ್ಟದ ಕೇಸು ಅಲ್ಲಿಗೇ ಬರುವುದರಿಂದ ಸಾಮಾನ್ಯ ಹೆರಿಗೆಗೆ ಅಲ್ಲಿಗೆ ಹೋದರೆ ನಿಮಗೂ ಕಷ್ಟ, ನಿಜವಾಗಿ ಬೇಕಾದವರಿಗೂ ಕಷ್ಟ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಜನ ಧರಣಿ ಕೂತಿದ್ದು ಸುಮ್ನೆ ಅಲ್ಲ.

ಸರ್ಕಾರಿಯೋ ಖಾಸಗಿಯೋ? 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಡ್ರಿಪ್‌ನಲ್ಲಿ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಆ ಕಂಪನಿಯ ದ್ರಾವಣದ ಬಳಕೆಯನ್ನು ಸರ್ಕಾರ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಅದಾದ ಮೇಲೆ ಸರ್ಕಾರಿ ದವಾಖಾನೆ ಅಂದರೆ ಜನ ಹೆದರುತ್ತಾರೆ, ಆ ಹೆದರಿಕೆಯನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಹೆದರಿಕೆಯಲ್ಲಿ ರಕ್ತಸ್ರಾವದ ಕೇಸನ್ನು ರಕ್ತವೂ ಇಲ್ಲದ, ಐಸಿಯು ಕೂಡ ಇಲ್ಲದ ಸಣ್ಣ ನರ್ಸಿಂಗ್ ಹೋಮಿಗೆ ಒಯ್ದರೆ ಅದು ಇನ್ನೂ ಕೆಟ್ಟದ್ದು. ಎರಡು ತಾಸು ಇಟ್ಟುಕೊಂಡು, ಅಡ್ವಾನ್ಸ್ ಕಟ್ಟಿಸಿಕೊಂಡು, ಕೊನೆಗೆ ಅವರೂ ಕಳಿಸುವುದು ಅದೇ ಸರ್ಕಾರಿ ಆಸ್ಪತ್ರೆಗೆ. ಒಳ್ಳೆಯ ಖಾಸಗಿ ಆಸ್ಪತ್ರೆಗಳು ಇವೆ. ಮೊದಲಿನಿಂದ ಅಲ್ಲೇ ತೋರಿಸಿಕೊಂಡಿದ್ದರೆ, ಅಲ್ಲಿ ಸ್ವಂತ ಅರಿವಳಿಕೆ ಡಾಕ್ಟರ್ ಇದ್ದರೆ, ದುಡ್ಡಿನ ತಾಪತ್ರಯ ಇಲ್ಲದಿದ್ದರೆ ಹೋಗಿ. ಕೊನೇ ಗಳಿಗೆಯಲ್ಲಿ ಗುರುತಿಲ್ಲದ ನರ್ಸಿಂಗ್ ಹೋಮಿಗೆ ನುಗ್ಗುವುದು ಬೇಡ. ಆಯುಷ್ಮಾನ್ ಕಾರ್ಡು ಇದೆ, ಖಾಸಗಿಯಲ್ಲಿ ಹೆರಿಗೆ ಪುಕ್ಕಟೆ ಆಗುತ್ತದೆ ಅಂತಲೂ ಅಂದುಕೊಂಡು ಹೋಗಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ ಬಳಿ ಮೊದಲೇ ವಿಚಾರಿಸಿ.

ದುಡ್ಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಜಾರಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ ಉಚಿತ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ವಾಪಸ್ ಮನೆಗೆ ಗಾಡಿಯೂ ಉಚಿತ. ಡೀಸೆಲ್‌ಗೆ ಅಂತ ಯಾರಾದರೂ ಕೇಳಿದರೆ ಕೊಡಬೇಡಿ, ಆರೋಗ್ಯ ಸಹಾಯವಾಣಿ 104ಕ್ಕೆ ದೂರು ಹೇಳಿ.

ಯಾವ ಗಾಡಿ?

108 ಮೊದಲ ಆಯ್ಕೆ, ಅದರಲ್ಲಿ ಮಾತಿಲ್ಲ. ಕರ್ನಾಟಕದಲ್ಲಿ 2008ರಿಂದ ಓಡುತ್ತಿದೆ. ಹೆರಿಗೆ ಮಾಡಿಸಲು ಕಲಿತ ಸಿಬ್ಬಂದಿ ಒಳಗಿರುತ್ತಾರೆ, ಆಕ್ಸಿಜನ್ ಇರುತ್ತದೆ, ಹೆರಿಗೆ ಕಿಟ್ ಇರುತ್ತದೆ. ಇದರಲ್ಲೂ ಎರಡು ನಮೂನೆ ಇವೆ. ಸಾದಾ ಗಾಡಿ ಒಂದು, ವೆಂಟಿಲೇಟರ್ ಮತ್ತು ಮಾನಿಟರ್ ಇರುವ ಗಾಡಿ ಇನ್ನೊಂದು. ಫಿಟ್ಸ್ ಬಂದವರಿಗೆ, ಉಸಿರಾಟ ಕಷ್ಟವಾದವರಿಗೆ ಎರಡನೆಯದನ್ನೇ ಕೇಳಿ. ಕೊರತೆ ಏನು ಅಂದರೆ, ಗಾಡಿ ಬೇರೆ ಕೇಸಿಗೆ ಹೋಗಿದ್ದರೆ ಕಾಯಬೇಕು, ಮತ್ತು ನೀವು ಏನೂ ಹೇಳದಿದ್ದರೆ ಅದು ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಒಯ್ಯುತ್ತದೆ. ಆದ್ದರಿಂದ ಫೋನ್ ಮಾಡುವಾಗಲೇ ‘ಮೊದಲ ಹೆರಿಗೆ ಸಿಸೇರಿಯನ್’, ‘ಬಿಪಿ ಇಷ್ಟಿದೆ’, ‘ರಕ್ತ ಹೋಗ್ತಿದೆ’ ಅಂತ ಬಿಡಿಸಿ ಹೇಳಿ. ಊರ ಹೆಸರಿನ ಜೊತೆ ತಾಲ್ಲೂಕು ಹೇಳಿ, ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಕ್ಯಾಂಪುಗಳಲ್ಲಿ ಇರುವವರು ಯಾವ ಕಾಲುವೆ, ಯಾವ ಕ್ರಾಸ್ ಅಂತಲೂ ಹೇಳಬೇಕು.

ನಗು-ಮಗು ಗಾಡಿ ಇರುವುದು ಬಾಣಂತಿ ಮತ್ತು ಕೂಸನ್ನು ಮನೆಗೆ ಬಿಡಲು. ನೋವು ಬಂದಾಗ ಅದಕ್ಕೆ ಕಾಯಬೇಡಿ.

ಖಾಸಗಿ ಆಂಬುಲೆನ್ಸ್ ಬೇಗ ಸಿಗುತ್ತದೆ, ನೀವು ಹೇಳಿದ ಆಸ್ಪತ್ರೆಗೇ ಹೋಗುತ್ತದೆ. ಆದರೆ ಒಳಗೆ ಏನಿದೆ ಅಂತ ನೋಡಿ ಹತ್ತಿ. ಎಷ್ಟೋ ಗಾಡಿಗಳಲ್ಲಿ ಒಂದು ಸ್ಟ್ರೆಚರ್, ಒಂದು ಸಿಲಿಂಡರ್, ಒಬ್ಬ ಡ್ರೈವರ್ ಅಷ್ಟೇ. ಸೈರನ್ ಹಾಕಿದ ಒಮ್ನಿಗೂ ನಿಮ್ಮ ಚಿಕ್ಕಪ್ಪನ ಕಾರಿಗೂ ಆಗ ವ್ಯತ್ಯಾಸ ಏನು? ದರವನ್ನು ಹತ್ತುವ ಮೊದಲೇ ಮಾತಾಡಿ. ನರ್ಸ್ ಒಬ್ಬರನ್ನು ಜೊತೆಗೆ ಕಳಿಸುತ್ತಾರಾ ಅಂತ ರೆಫರ್ ಮಾಡುವ ಆಸ್ಪತ್ರೆಯಲ್ಲಿ ಕೇಳಿ.

ಸ್ವಂತ ಕಾರು, ಬಾಡಿಗೆ ಬೊಲೆರೊ, ಕ್ರೂಸರ್: ನೋವು ಈಗಷ್ಟೇ ಶುರುವಾಗಿದೆ, ಬೇರೆ ತೊಂದರೆ ಇಲ್ಲ ಅಂದರೆ ಸಾಕು. 108 ಬರಲು ಮುಕ್ಕಾಲು ಗಂಟೆ ಅಂದಾಗಲೂ ಇದು ಉಪಯೋಗಕ್ಕೆ ಬರುತ್ತದೆ, ಹೇಗೆ ಅಂದರೆ ನೀವು ಈ ಕಡೆಯಿಂದ ಹೊರಡಿ, ಅವರು ಆ ಕಡೆಯಿಂದ ಬರಲಿ, ನಡುವಿನ ಕ್ರಾಸಿನಲ್ಲಿ ಗಾಡಿ ಬದಲಿಸಿ. ಇದನ್ನು ಫೋನಿನಲ್ಲೇ ಗಟ್ಟಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅವರು ಊರೊಳಗೆ, ನೀವು ರೋಡಿನ ಮೇಲೆ. ಟಂಟಂ, ಬೈಕು ಬೇಡವೇ ಬೇಡ.

ಯಾವ ಗಾಡಿಯಾದರೂ ಎಡ ಮಗ್ಗುಲಿಗೆ ಮಲಗಿಸಿ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ತಾಯಿಯ ಬಿಪಿ ಇಳಿಯುತ್ತದೆ, ಮಗುವಿಗೆ ಹೋಗುವ ರಕ್ತ ಕಮ್ಮಿಯಾಗುತ್ತದೆ. ‘ಶಕ್ತಿ ಇರಲಿ’ ಅಂತ ದಾರಿಯಲ್ಲಿ ಇಡ್ಲಿ, ಚಹಾ ಕೊಡಬೇಡಿ. ಸಿಸೇರಿಯನ್ ಆಗಬೇಕಾಗಿ ಬಂದರೆ ಹೊಟ್ಟೆ ತುಂಬಿರುವುದು ತೊಂದರೆ.

ಯಾವ ದಾರಿ?

ಜಿಲ್ಲೆಯ ಗಡಿ ಆಫೀಸಿನವರಿಗೆ, ಗರ್ಭಿಣಿಗಲ್ಲ. ಸಿಂಧನೂರಿನವರಿಗೆ ಜಿಲ್ಲಾ ಕೇಂದ್ರ ರಾಯಚೂರು, ಆದರೆ ಸಿರುಗುಪ್ಪ ದಾಟಿ ಬಳ್ಳಾರಿಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ ದೂರ. ಕುಕನೂರು, ಯಲಬುರ್ಗಾ ಕಡೆಯವರಿಗೆ ಕೊಪ್ಪಳ ಒಂದು ದಿಕ್ಕು, ಗದಗ ಇನ್ನೊಂದು ದಿಕ್ಕು, ಗದಗದಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಕುಷ್ಟಗಿಯವರು ಬಾಗಲಕೋಟೆಗೂ ಹೋಗುತ್ತಾರೆ. ಸಂಡೂರಿನವರಿಗೆ ಹೊಸಪೇಟೆ ಹತ್ತಿರ, ಆದರೆ ಮೆಡಿಕಲ್ ಕಾಲೇಜು ಬೇಕಾದರೆ ಬಳ್ಳಾರಿಯೇ ಆಗಬೇಕು, ಅದಿರು ಲಾರಿಗಳ ಸಾಲು ದಾಟಿಕೊಂಡು. ಎರಡು ದಿಕ್ಕು ಇರುವವರು ಎರಡೂ ಕಡೆಯ ಹೆರಿಗೆ ವಾರ್ಡಿನ ನಂಬರ್ ಇಟ್ಟುಕೊಂಡಿರಿ.

ಮಳೆಗಾಲದಲ್ಲಿ ಲೆಕ್ಕವೇ ಬದಲಾಗುತ್ತದೆ. ತುಂಗಭದ್ರಾ ಜಲಾಶಯದಿಂದ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ಮತ್ತು ಕಂಪ್ಲಿ ನಡುವೆ ಓಡಾಟ ನಿಲ್ಲುತ್ತದೆ, ಕಡೇಬಾಗಿಲು–ಬುಕ್ಕಸಾಗರ ಸೇತುವೆ ಮೇಲೆ ಸುತ್ತಬೇಕು. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಅದರಾಚೆಯ ನಡುಗಡ್ಡೆಯವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಅಂಥ ಊರಲ್ಲಿ ಜುಲೈ, ಆಗಸ್ಟ್‌ನಲ್ಲಿ ದಿನ ತುಂಬುವವರಿದ್ದರೆ ನೀರು ಬರುವ ಮೊದಲೇ ಈಚೆ ದಡದ ನೆಂಟರ ಮನೆಗೆ ಕಳಿಸಿಬಿಡಿ.

ನೋವು ಬಂದ ಮೇಲೋ, ಮೊದಲೇನೋ?

ಕಷ್ಟದ ಕೇಸು ಅಂತ ಮೊದಲೇ ಗೊತ್ತಿದ್ದರೆ ಮೊದಲೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಅವಳಿ, ಅಡ್ಡ ಮಗು, ಹಳೆ ಸಿಸೇರಿಯನ್, ಬಿಪಿ, ರಕ್ತಹೀನತೆ, ಕಸ ಕೆಳಗಿರುವುದು, ಇವೆಲ್ಲ ಒಂಬತ್ತು ತಿಂಗಳಲ್ಲಿ ಎಂದೋ ಒಂದು ದಿನ ಗೊತ್ತಾಗಿಯೇ ಇರುತ್ತದೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರ್ ತಪಾಸಣೆ ಪುಕ್ಕಟೆ ಇದೆ. ಅಲ್ಲಿ ಅಪಾಯದ ಕೇಸು ಅಂತ ಗುರುತು ಹಾಕಿದರೆ ಆವತ್ತೇ ಕೇಳಿ: ಹೆರಿಗೆ ಎಲ್ಲಿ, ಯಾವ ವಾರಕ್ಕೆ ಬಂದು ಸೇರಬೇಕು? ಹೊಲದ ಕೆಲಸ, ಖರ್ಚು ಅಂತ ಮನೆಯವರು ಗೊಣಗುತ್ತಾರೆ. ಗೊಣಗಲಿ. ನಾಲ್ಕು ದಿನ ಮೊದಲೇ ಹೋಗಿ ವಾರ್ಡಿನಲ್ಲಿ ಮಲಗಿದ್ದವರಿಗೆ ರಾತ್ರಿ ಗಾಡಿ ಹುಡುಕುವ ಕೆಲಸವೇ ಇರುವುದಿಲ್ಲ.

ಕುಬಸ (ಸೀಮಂತ) ಮುಗಿಸಿ ತವರಿಗೆ ಬಂದವರ ವಿಷಯ ಜಾಸ್ತಿ ಸೂಕ್ಷ್ಮ. ತಾಯಿ ಕಾರ್ಡ್ ಗಂಡನ ಊರಲ್ಲಿ ಆಗಿರುತ್ತದೆ, ಬಿಪಿ ಏರಿದ್ದು ಅಲ್ಲಿಯ ಆಶಾಗೆ ಗೊತ್ತಿರುತ್ತದೆ, ಇಲ್ಲಿಯ ಆಶಾಗೆ ಈ ಹುಡುಗಿ ಬಂದದ್ದೇ ಗೊತ್ತಿರುವುದಿಲ್ಲ. ಬಂದ ವಾರದಲ್ಲೇ ಕಾರ್ಡ್ ಹಿಡಿದುಕೊಂಡು ತವರಿನ ಆಶಾ, ಸಿಸ್ಟರ್ ಇಬ್ಬರನ್ನೂ ಕಾಣಿಸಿ. ಬೆಂಗಳೂರಿಗೆ ಗುಳೆ ಹೋಗಿ ಹೆರಿಗೆಗೆ ಊರಿಗೆ ಬಂದವರಿಗೂ ಇದೇ. ಗಂಡ ಅಲ್ಲಿಯೇ ಇದ್ದರೆ ಸಹಿ ಹಾಕುವವರು ಯಾರು, ‘ಹೊರಡೋಣ’ ಅಂತ ಹೇಳುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರಲಿ. ಅತ್ತೆಗೆ ಒಂದು ಫೋನ್, ಗಂಡನಿಗೆ ಒಂದು ಫೋನ್, ಅವನು ಎತ್ತುವುದಿಲ್ಲ, ಮಾವನನ್ನು ಕೇಳಿ ಅನ್ನುವಷ್ಟರಲ್ಲಿ ಬೆಳಗಾಗುತ್ತದೆ. ಹೆಣ್ಣುಮಗಳನ್ನೇ ಕೇಳಿ, ಅವಳಿಗೂ ಬಾಯಿ ಇದೆ.

ಹೊರಡುವ ಹತ್ತು ನಿಮಿಷದಲ್ಲಿ

ರೆಫರ್ ಮಾಡುವ ಡಾಕ್ಟರೋ ಸಿಸ್ಟರೋ ಮುಂದಿನ ಆಸ್ಪತ್ರೆಗೆ ತಾವೇ ಫೋನ್ ಮಾಡಬೇಕು. ನೀವು ಮಾಡಿದರೆ ‘ಕರ್ಕೊಂಡು ಬನ್ನಿ ನೋಡೋಣ’ ಅನ್ನುತ್ತಾರೆ, ಡಾಕ್ಟರ್ ಮಾಡಿದರೆ ಥಿಯೇಟರ್ ಖಾಲಿ ಇದೆಯಾ ಅಂತ ನೋಡುತ್ತಾರೆ. ಮುಂದಿನ ಕಡೆ ಯಾರು ಫೋನ್ ಎತ್ತಿದರು ಅಂತ ಹೆಸರು ಬರೆದುಕೊಳ್ಳಿ. ಬಾಗಿಲಲ್ಲಿ ‘ಬೆಡ್ ಇಲ್ಲ’ ಅಂದಾಗ ಆ ಹೆಸರು ಕೆಲಸಕ್ಕೆ ಬರುತ್ತದೆ.

ರೆಫರಲ್ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಅಂತ ಒಂದೇ ಸಾಲು ಇದ್ದರೆ ಸಾಲದು. ನೋವು ಎಷ್ಟಕ್ಕೆ ಶುರು, ನೀರು ಹೋಗಿದೆಯಾ, ಬಿಪಿ ಎಷ್ಟು, ಬಾಯಿ ಎಷ್ಟು ತೆರೆದಿದೆ, ಮಗುವಿನ ಎದೆಬಡಿತ, ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರು, ಇಷ್ಟೂ ಇರಬೇಕು. ಮೆಗ್ನೀಷಿಯಂ ಕೊಟ್ಟ ಹೊತ್ತು ಬರೆಯದಿದ್ದರೆ ಅಲ್ಲಿ ಮತ್ತೊಮ್ಮೆ ಕೊಟ್ಟುಬಿಡುವ ಅಪಾಯ ಇದೆ. ಚೀಟಿಯ ಫೋಟೋ ತೆಗೆದುಕೊಳ್ಳಿ, ಗಡಿಬಿಡಿಯಲ್ಲಿ ಕಳೆಯುವುದು ಅದೇ ಮೊದಲು.

ಜೊತೆಗೆ ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್. ರಕ್ತ ಕೊಡಬಲ್ಲ ಇಬ್ಬರು ಗಟ್ಟಿ ಆಳುಗಳು ಹಿಂದಿನ ಗಾಡಿಯಲ್ಲಿ ಬರಲಿ. ರಕ್ತ ಉಚಿತವೇ, ಆದರೆ ಆ ಗುಂಪಿನದು ಆವತ್ತು ಮುಗಿದಿರಬಹುದು. ಆಂಬುಲೆನ್ಸ್ ಒಳಗೆ ಒಬ್ಬ ಹೆಂಗಸು ಸಾಕು, ಇಡೀ ಓಣಿ ಹತ್ತುವುದು ಬೇಡ.

ಹೆರಿಗೆ ಆಯಿತು, ಎಲ್ಲ ಚೆನ್ನಾಗಿದೆ ಅಂತ ಮರುದಿನವೇ ಡಿಸ್ಚಾರ್ಜ್ ಮಾಡಿಸಿಕೊಳ್ಳಲು ಹೋಗಬೇಡಿ, 48 ಗಂಟೆಯಾದರೂ ಅಲ್ಲೇ ಇರಿ. ಮನೆಗೆ ಬಿಡಲು ನಗು-ಮಗು ಕೇಳಿ. ಮನೆಗೆ ಬಂದ ಮೇಲೂ 42 ದಿನದ ಒಳಗೆ ಒಮ್ಮೆಲೇ ರಕ್ತ ಜಾಸ್ತಿ ಹೋದರೆ, ಚಳಿಜ್ವರ ಬಂದು ಕೆಟ್ಟ ವಾಸನೆ ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಅದೂ ಹೆರಿಗೆ ಕೇಸೇ. ಬಾಣಂತಿ ಹೊರಗೆ ಬರಬಾರದು ಅಂತ ಕೂಡಿಸಿ ಇಡಬೇಡಿ, 108ಕ್ಕೆ ಫೋನ್ ಮಾಡಿ, ಹೆರಿಗೆ ಆಗಿ ಎಷ್ಟು ದಿನ ಅಂತ ಹೇಳಿ.